ನಮ್ಮ ಅಂಗಳಕ್ಕೆ ಬಂದ ಸೋಲು

ನನ್ನ ಗಂಡ ವೆಂಡಲ್ ಜೀವಮಾನದಲ್ಲಿ ಒಂದು ದಿನವೂ ಫುಟ್‌ಬಾಲ್ ಆಡಿದವನಲ್ಲ. ಆದರೂ ಆ ವರ್ಷ ನಮ್ಮೂರಿನ ಕಾಲೇಜು ತಂಡ ಸೋತ ಅಷ್ಟೂ ಪಂದ್ಯಗಳನ್ನು ತಾನೊಬ್ಬನೇ ಸೋತದ್ದೆಂದು ಅವನು ನಂಬಿದ್ದ. ನಂಬಿದ್ದಷ್ಟೇ ಅಲ್ಲ, ಬೇರೆ ಯಾರಾದರೂ ಅದರಲ್ಲಿ ಪಾಲು ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಅದು ಶುರುವಾದದ್ದು ಅಕ್ಟೋಬರ್ ತಿಂಗಳ ಒಂದು ಭಾನುವಾರ. ಚರ್ಚಿಗೆ ಹೊರಡಲು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲು ತೆಗೆದರೆ ಅಂಗಳದ ಹುಲ್ಲಿನ ನಟ್ಟನಡುವೆ ಒಂದು ಬೋರ್ಡು ನಿಂತಿತ್ತು. 'ಮನೆ ಮಾರಾಟಕ್ಕಿದೆ' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು.

ನಮ್ಮೂರು ಹೇಡರ್ ಕ್ರೀಕಿನಲ್ಲಿ ತೊಟ್ಟಿಲ ಮಗುವಿಗೂ ಆ ಬೋರ್ಡಿನ ಅರ್ಥ ಗೊತ್ತು. ತಂಡ ಸೋಲುತ್ತಲೇ ಹೋದರೆ ಕಾಲೇಜಿನ ಹುಡುಗರು ಎಲ್ಲಿಂದಲೋ ಇಂಥ ಬೋರ್ಡು ಕಿತ್ತು ತಂದು ಕೋಚ್ ಮನೆಯ ಅಂಗಳದಲ್ಲಿ ನೆಡುತ್ತಾರೆ. ನೀನು ಗಂಟುಮೂಟೆ ಕಟ್ಟಬಹುದು ಎಂದು ಹೇಳುವ ವಿಧಾನ ಅದು. ಬಾಯಿಬಿಟ್ಟು ಹೇಳುವುದು ನಮ್ಮ ಮಿನ್ನೆಸೋಟದವರಿಗೆ ಒರಟುತನ ಅನ್ನಿಸುತ್ತದೆ. ಕೋಚ್ ಬೆಳಿಗ್ಗೆ ಎದ್ದು ಬೋರ್ಡನ್ನು ಕಿತ್ತು ಗ್ಯಾರೇಜಿನಲ್ಲಿಡುತ್ತಾನೆ, ಮುಂದಿನ ವಾರ ಇನ್ನೊಂದು ಬರುತ್ತದೆ, ಡಿಸೆಂಬರಿನಲ್ಲಿ ಅವನು ಹೋಗುತ್ತಾನೆ. ಎಲ್ಲವೂ ಮರ್ಯಾದೆಯಿಂದ ನಡೆಯುತ್ತದೆ.

ಕೋಚ್ ಗ್ಯಾರೆಟ್ ಪುಲಾಸ್ಕಿ ನಮ್ಮ ಪಕ್ಕದ ಮನೆಯವನು. ಎರಡು ಮನೆಗಳನ್ನೂ ಒಬ್ಬನೇ ಮೇಸ್ತ್ರಿ ಕಟ್ಟಿದ್ದು. ಅದೇ ಬಿಳಿ ಹಲಗೆ, ಅದೇ ಹಸಿರು ಬಾಗಿಲು, ಅದೇ ವರಾಂಡ. ನಮ್ಮ ವರಾಂಡದ ತೂಗುಬೆಂಚು ಸ್ವಲ್ಪ ಓರೆಯಾಗಿ ತೂಗುತ್ತದೆ ಎನ್ನುವುದನ್ನು ಬಿಟ್ಟರೆ ಗುರುತು ಹಿಡಿಯುವುದು ಕಷ್ಟ. ಹುಡುಗರು ಕತ್ತಲಲ್ಲಿ ಮನೆ ತಪ್ಪಿದ್ದರು. ಇದು ನನಗೆ ತಿಳಿಯಲು ಕೋಟಿನ ಎರಡನೆಯ ಗುಂಡಿ ಹಾಕುವಷ್ಟು ಹೊತ್ತೂ ಬೇಕಾಗಲಿಲ್ಲ.

ವೆಂಡಲ್ ನನ್ನ ಹಿಂದೆ ಬಂದು ನಿಂತ. ಬೋರ್ಡು ನೋಡಿದ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಊರಿಗೆ ಗೊತ್ತಾಯ್ತು," ಅಂದ.

"ಏನು ಗೊತ್ತಾಯ್ತು?"

"ನಾನೇ ಕಾರಣ ಅಂತ."

ಅವನ ದನಿಯಲ್ಲಿ ದುಃಖವಿತ್ತು. ಆದರೆ ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಅದರ ಕೆಳಗೆ ಸಣ್ಣಗೆ ಮಿಸುಕಾಡುತ್ತಿದ್ದ ಹೆಮ್ಮೆಯೂ ಕೇಳಿಸಿತು.

ವೆಂಡಲ್ ಊರಿನ ಮನೆಗಳನ್ನು ಬೆಚ್ಚಗಿಡುವ ಕುಲುಮೆಗಳ ರಿಪೇರಿ ಮಾಡುವವನು. ಚಳಿಗಾಲದಲ್ಲಿ ಅವನಿಲ್ಲದೆ ಅರ್ಧ ಊರು ನಡುಗುತ್ತದೆ. ಆದರೆ ಅವನ ಮನಸ್ಸಿನಲ್ಲಿ ಅದು ಹೊಟ್ಟೆಪಾಡು ಮಾತ್ರ, ಅವನ ನಿಜವಾದ ಹುದ್ದೆ ಸರಪಳಿ ಹಿಡಿಯುವುದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕದ ಫುಟ್‌ಬಾಲಿನಲ್ಲಿ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಿನವರ ಪಾಲು. ಹತ್ತು ಗಜ ಆಯಿತೋ ಇಲ್ಲವೋ ಎಂದು ಅನುಮಾನ ಬಂದಾಗ ಅಂಚಿನಲ್ಲಿ ನಿಂತವರು ಎರಡು ಕೋಲುಗಳ ನಡುವಿನ ಸರಪಳಿಯನ್ನು ಮೈದಾನಕ್ಕೆ ಒಯ್ದು ಅಳೆಯುತ್ತಾರೆ. ಮುಂದಿನ ಕೋಲು ವೆಂಡಲ್‌ನದು. ಅವನು ಊರಿನವನೇ ಆದರೂ ಯಾರ ಪರವೂ ಅಲ್ಲ. ಮೈದಾನದ ಅಂಚಿನಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲ, ನಗುವ ಹಾಗಿಲ್ಲ. ನಮ್ಮ ತಂಡ ಆ ವರ್ಷ ಅವನ ಕೆಲಸವನ್ನು ಬಹಳ ಸುಲಭ ಮಾಡಿಕೊಟ್ಟಿತ್ತು.

ಹಿಂದಿನ ವರ್ಷದವರೆಗೂ ನಮ್ಮ ಟಾರ್ಕೆಲ್ಸನ್ ಕಾಲೇಜು ತನ್ನ ಅಳತೆಯ ಕಾಲೇಜುಗಳ ಜೊತೆ ಆಡಿಕೊಂಡಿತ್ತು. ಪಾದ್ರಿಯಾಗಲು ಓದುವವರು, ಪಿಯಾನೋ ಮೇಷ್ಟ್ರಾಗಲು ಓದುವವರು ಇದ್ದ ತಂಡಗಳು ಅವು. ಬೀಳಿಸಿದವನು ಬಿದ್ದವನನ್ನು ಎತ್ತಿ, ಪೆಟ್ಟಾಯಿತೇ ಎಂದು ವಿಚಾರಿಸಿ ಮುಂದೆ ಓಡುವಂಥ ಆಟ. ಕಾಲೇಜಿನ ಅಧ್ಯಕ್ಷರಾದ ಡಾಕ್ಟರ್ ವಿಟ್‌ಕಂ ಅವರಿಗೆ ಅದು ಸಾಲದೆನಿಸಿತು. ದೊಡ್ಡವರ ಜೊತೆ ಸೇರಿದರೆ ನಾವೂ ದೊಡ್ಡವರಾಗುತ್ತೇವೆ ಎಂದು ಭಾಷಣ ಮಾಡಿ ತಂಡವನ್ನು ಮೇಲಿನ ಕಾನ್ಫರೆನ್ಸಿಗೆ, ಅಂದರೆ ದೊಡ್ಡ ಕಾಲೇಜುಗಳ ಪಂದ್ಯಕೂಟಕ್ಕೆ, ಸೇರಿಸಿಬಿಟ್ಟರು. ಅಲ್ಲಿನ ತಂಡಗಳ ಲಾಂಛನ ಕರಡಿ, ಗೂಳಿ, ತೋಳ. ನಮ್ಮದು ಕೊಕ್ಕರೆ. ಅವರ ಹುಡುಗರು ಇಳಿಯುತ್ತಿದ್ದ ಹಾಗೆ ಅವರ ಬಸ್ಸು ನಿಟ್ಟುಸಿರು ಬಿಟ್ಟು ಮೇಲೇಳುತ್ತಿತ್ತು.

ಆ ಕಾಲೇಜುಗಳೆಲ್ಲ ತಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ಬರುವ ಹಬ್ಬದ ದಿನಕ್ಕೆ ನಮ್ಮನ್ನೇ ಆಟಕ್ಕೆ ಕರೆಯತೊಡಗಿದವು. ಹಬ್ಬದ ದಿನ ಮನೆಯವರು ಗೆಲ್ಲಲೇಬೇಕಲ್ಲ. ವೆಂಡಲ್ ಮಾತ್ರ, ನಮ್ಮನ್ನು ಕಂಡರೆ ಎಲ್ಲರಿಗೂ ಎಷ್ಟು ಪ್ರೀತಿ ನೋಡು ಎಂದು ಸಂತೋಷಪಟ್ಟ.

ಬೋರ್ಡು ಬರುವ ಹಿಂದಿನ ದಿನ, ಶನಿವಾರ, ತೋಳಗಳ ತಂಡ ನಮ್ಮೂರಿಗೆ ಬಂದಿತ್ತು. ಕೊನೆಯ ಹೊತ್ತಿನಲ್ಲಿ ನಮ್ಮ ಹುಡುಗರು ಹೇಗೋ ಒಂಬತ್ತು ಗಜಕ್ಕಿಂತ ಹೆಚ್ಚು ತಳ್ಳಿಕೊಂಡು ಹೋದರು. ಸರಪಳಿ ತರಿಸಿದರು. ವೆಂಡಲ್ ಕೋಲು ನೆಟ್ಟ. ಚೆಂಡಿನ ಮೂಗಿಗೂ ಕೋಲಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಚೆಂಡು ತೋಳಗಳಿಗೆ ಹೋಯಿತು, ಪಂದ್ಯವೂ ಹೋಯಿತು. ಆಗ ಅವರದು ನಲವತ್ತೊಂದು, ನಮ್ಮದು ಆರು ಎನ್ನುವುದು ಮುಖ್ಯ ವಿಷಯವೆಂದು ವೆಂಡಲ್ ಇವತ್ತಿಗೂ ಒಪ್ಪುವುದಿಲ್ಲ.

"ಆ ಬೋರ್ಡನ್ನ ಕಿತ್ತು ಶೆಡ್ಡಿಗೆ ಹಾಕು," ಅಂದೆ ನಾನು ಆ ಭಾನುವಾರ.

ಅವನು ಅಂಗಳಕ್ಕಿಳಿದ. ಬೋರ್ಡು ಸ್ವಲ್ಪ ಎಡಕ್ಕೆ ವಾಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ, ಬುಡಕ್ಕೆ ಬೂಟಿನಿಂದ ಮಣ್ಣು ತುಳಿದು ಬಂದ. ಕೋಚ್‌ಗಳು ಕಿತ್ತು ಬಚ್ಚಿಡುತ್ತಾರೆ, ಅದು ಅವರವರ ಸ್ವಭಾವ, ತಾನು ಹಾಗಲ್ಲ ಎಂದು ಹೇಳಿ ಕಾರು ಹತ್ತಿದ.

ಹುಡುಗರು ಮನೆ ತಪ್ಪಿದ್ದಾರೆ ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವನು ನ್ಯಾಯವಂತ, ಬೋರ್ಡನ್ನು ಹೊತ್ತುಕೊಂಡು ಹೋಗಿ ಪಕ್ಕದ ಮನೆಗೆ ತಲುಪಿಸಿ ಬರುತ್ತಿದ್ದ. ಪಕ್ಕದ ಮನೆಯಲ್ಲಿ ನೋಲಾ ಇದ್ದಳು.

ನೋಲಾ ಕೋಚ್‌ನ ಹೆಂಡತಿ. ಅವಳು ನಮ್ಮೂರಿಗೆ ಬಂದ ವಸಂತದಲ್ಲೇ ಹಿತ್ತಲಲ್ಲಿ ಉದ್ದಕ್ಕೆ ಕಾಲುವೆ ತೋಡಿ ಆಸ್ಪರಾಗಸ್ ನೆಟ್ಟಿದ್ದಳು. ಅದೊಂದು ಹಟಮಾರಿ ತರಕಾರಿ. ಮೊದಲ ವರ್ಷ ಚಿಗುರು ಬಂದರೂ ಮುಟ್ಟುವಂತಿಲ್ಲ. ಎರಡನೆಯ ವರ್ಷವೂ ಮುಟ್ಟುವಂತಿಲ್ಲ. ಬೇರು ಗಟ್ಟಿಯಾಗಿ ಮೂರನೆಯ ವಸಂತಕ್ಕೆ ಕೊಯ್ಯಬಹುದು, ಆಮೇಲೆ ಇಪ್ಪತ್ತು ವರ್ಷ ಕೊಡುತ್ತಲೇ ಇರುತ್ತದೆ. ಅವಳು ಗಂಡನ ಹಿಂದೆ ಊರಿಂದೂರಿಗೆ ಅಲೆಯುತ್ತ ಎಲ್ಲ ಹಿತ್ತಲಲ್ಲೂ ಅದನ್ನು ನೆಟ್ಟಿದ್ದಳು, ಒಂದು ಕಡೆಯೂ ಮೂರನೆಯ ವಸಂತ ಕಂಡಿರಲಿಲ್ಲ. ಒಂದೂರಿನ ಹಳೆಯ ಮನೆಯ ಮುಂದೆ ಕಾರಿನಲ್ಲಿ ಹಾದುಹೋದಾಗ, ಹೊಸಬರು ಆ ಪಾತಿಯ ಮೇಲೆ ಮಕ್ಕಳು ಕುಣಿಯುವ ಜಿಗಿಬಲೆ ಹಾಕಿದ್ದರಂತೆ. ಇದನ್ನು ಅವಳು ನಗುತ್ತ ಹೇಳಿದಳು. ಹೇಳುವಾಗ ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದಳು.

ಬರುವ ವಸಂತ ನಮ್ಮೂರಲ್ಲಿ ಅವಳಿಗೆ ಮೂರನೆಯದು. ಕೋಚ್‌ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕಾಲೇಜಿನ ಟ್ರಸ್ಟಿಗಳು ಕೊನೆಯ ಪಂದ್ಯ ಮುಗಿದ ಮೇಲೆ ಸೇರಿ ತೀರ್ಮಾನಿಸುವವರಿದ್ದರು. ಹೀಗಾಗಿ ಬೋರ್ಡು ನಮ್ಮ ಅಂಗಳದಲ್ಲೇ ಇರಲಿ ಎಂದು ಸುಮ್ಮನಾದೆ. ಒಂದು ಬೋರ್ಡಿನಿಂದ ಏನಾಗುತ್ತದೆ ಎಂದುಕೊಂಡೆ.

ಮಂಗಳವಾರ ಮೊದಲ ಹಾಟ್‌ಡಿಷ್ ಬಂತು. ನಮ್ಮಲ್ಲಿ ಸಾವಾದ ಮನೆಗೆ, ಕಾಯಿಲೆಯ ಮನೆಗೆ, ಮದುವೆ ಮುರಿದ ಮನೆಗೆ ಮಾಂಸದ ಮೇಲೆ ಆಲೂಗಡ್ಡೆ ಹರಡಿ ಬೇಯಿಸಿದ ಆ ತಟ್ಟೆ ಬರುತ್ತದೆ. ತಂದವರು ಏನೂ ಕೇಳುವುದಿಲ್ಲ, ಹೊಸ್ತಿಲಲ್ಲಿ ನಿಂತು ಮುಖ ನೋಡುತ್ತಾರೆ. ವೆಂಡಲ್‌ನನ್ನು ನೋಡಿ ಕಾಯಿಲೆ ಎಂದುಕೊಂಡವರು ಉಪ್ಪು ಕಡಿಮೆ ಹಾಕಿದ್ದರು. ನನ್ನನ್ನು ನೋಡಿ ವಿಚ್ಛೇದನ ಎಂದುಕೊಂಡವರು ಒಬ್ಬಳಿಗೆ ಸಾಕಾಗುವ ಸಣ್ಣ ತಟ್ಟೆ ತಂದಿದ್ದರು. ಪಾಸ್ಟರ್ ಲಿಂಡ್ ಬಂದು ಕ್ಷಮೆಯ ಮಹತ್ವದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಯಾರು ಯಾರನ್ನು ಕ್ಷಮಿಸಬೇಕು ಎಂಬುದು ಅವರಿಗೂ ಸ್ಪಷ್ಟವಿರಲಿಲ್ಲ, ಹಾಗಾಗಿ ಇಬ್ಬರ ಕಡೆಗೂ ಸಮನಾಗಿ ನೋಡುತ್ತಿದ್ದರು.

ಗುರುವಾರ ವೆಂಡಲ್‌ನ ಅಕ್ಕ ಬರ್ನೀಸ್ ಇಬ್ಬರು ಗಟ್ಟಿ ಅಳಿಯಂದಿರನ್ನು ಕರೆದುಕೊಂಡು, ಒಂದು ಕಂಬಳಿ ಹಿಡಿದುಕೊಂಡು ಬಂದಳು. ಅಮ್ಮನ ಕಾಲದ ಊಟದ ಮನೆಯ ಅಲಮಾರಿ ಪರರ ಪಾಲಾಗುವುದನ್ನು ತಾನು ಬದುಕಿರುವ ತನಕ ನೋಡಲಾರೆ ಎಂದಳು. ಮನೆ ಮಾರುತ್ತಿಲ್ಲ ಎಂದು ನಾನು ಹೇಳಿದೆ.

"ಮತ್ತೆ ಬೋರ್ಡು?"

"ಅದು ಫುಟ್‌ಬಾಲಿನದು."

ಬರ್ನೀಸ್ ತಮ್ಮನ ಕಡೆ ತಿರುಗಿದಳು. "ಲೋ ವೆಂಡಲ್, ನೀನೇನು ಮಾಡ್ದೆ?"

"ಒಂದು ಬೆರಳು ಕಮ್ಮಿ ಬಂತು ಅಕ್ಕ," ಅಂದ ವೆಂಡಲ್, ತಲೆ ತಗ್ಗಿಸಿ.

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಳಿಯಂದಿರಿಗೆ ಸನ್ನೆ ಮಾಡಿದಳು. ಅಲಮಾರಿ ಹೋಯಿತು. ಅದಿದ್ದ ಜಾಗದ ಗೋಡೆ ಎಷ್ಟು ಬೆಳ್ಳಗಿತ್ತೆಂದರೆ ಉಳಿದ ಮನೆಯೆಲ್ಲ ಕೊಳಕಾಗಿ ಕಾಣತೊಡಗಿತು.

ಶನಿವಾರ ಬೇರೆ ಊರಿನ ಗಂಡಹೆಂಡತಿ ಮನೆ ನೋಡಲು ಬಂದರು. ನಾನು ಪಿಯಾನೋ ಪಾಠ ಹೇಳಿಕೊಡುತ್ತಿದ್ದೆ. ವೆಂಡಲ್ ಗಂಡಸನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಕುಲುಮೆ ತೋರಿಸಿದ. ಕುಲುಮೆ ನೋಡಲು ಯಾರಾದರೂ ಬಂದರೆ ಅವನಿಗೆ ಕಾರಣ ಬೇಕಿಲ್ಲ. ಹೆಂಗಸು ನನ್ನ ಅಡುಗೆಮನೆಯ ಕಿಟಕಿಯ ಮುಂದೆ ನಿಂತು, ಇಲ್ಲಿಂದ ಪಕ್ಕದವರ ಹಿತ್ತಲೂ ಅಂಗಳವೂ ಚೆನ್ನಾಗಿ ಕಾಣುತ್ತವೆ, ಇಲ್ಲೊಂದು ಕುರ್ಚಿ ಹಾಕಿಕೊಂಡರೆ ಸಾಕು ಎಂದಳು. ನಾನು ಅಲ್ಲಿ ಒಂದು ದಿನವೂ ಕುರ್ಚಿ ಹಾಕಿಕೊಂಡಿರಲಿಲ್ಲ, ನಿಂತೇ ಪಾತ್ರೆ ತೊಳೆದಿದ್ದೆ. ಮನೆ ಮಾರುವುದಿಲ್ಲ ಎಂದು ಅವಳಿಗೆ ಹೇಳಲು ನನಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಅವರು ಹೋದ ಮೇಲೆ ಕುರ್ಚಿ ಹಾಕಿದೆ.

ಇಷ್ಟರಲ್ಲಿ ಕೋಚ್ ಪುಲಾಸ್ಕಿ ಸೊರಗಿಹೋಗಿದ್ದ. ಸೋಲಿನಿಂದಲ್ಲ, ಅದಕ್ಕೆ ಅವನು ಪಳಗಿದವನು. ಒಂದು ಸಂಜೆ ಎಲೆ ಗುಡಿಸುವ ಕುಂಟೆ ಹಿಡಿದುಕೊಂಡು ಬೇಲಿಯ ಹತ್ತಿರ ಬಂದು ನಿಂತ.

"ವೆಂಡಲ್, ನಂಗೆ ಮೂರು ಊರಲ್ಲಿ ಬೋರ್ಡು ಬಿದ್ದಿದೆ. ಒಂದೂರಲ್ಲಿ ನನ್ನ ಕಾರಿಗೂ ಒಂದು ಕಟ್ಟಿದ್ರು. ಇಲ್ಲಿ ಈ ವರ್ಷ ಒಂದು ಮ್ಯಾಚೂ ಗೆದ್ದಿಲ್ಲ, ನನ್ನ ಅಂಗಳದ ಹುಲ್ಲುಕಡ್ಡಿ ಅಲ್ಲಾಡಿಲ್ಲ. ನಾನು ಇದೀನಿ ಅಂತಾನಾದ್ರೂ ಈ ಊರಿಗೆ ಗೊತ್ತಾ?"

ವೆಂಡಲ್ ಸಮಾಧಾನ ಹೇಳಿದ. ಎಲ್ಲರಿಗೂ ಎಲ್ಲವೂ ಸಿಗುವುದಿಲ್ಲ, ಬೇಸರ ಮಾಡಿಕೊಳ್ಳಬಾರದು ಎಂದ. ಕೋಚ್ ಸ್ವಲ್ಪ ಹೊತ್ತು ಕುಂಟೆಯ ಹಲ್ಲು ಎಣಿಸಿ, ಒಂದು ವಾರದ ಮಟ್ಟಿಗೆ ಆ ಬೋರ್ಡನ್ನು ತನಗೆ ಕೊಡಬಹುದೇ ಎಂದು ಕೇಳಿದ.

"ನಿಮ್ಮದನ್ನ ನೀವೇ ಸಂಪಾದಿಸ್ಕೋಬೇಕು ಕೋಚ್," ಅಂದ ನನ್ನ ಗಂಡ.

ನೋಲಾ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಹೆಸರು ಹಿಡಿದು ಒಳಗೆ ಕರೆದಳು.

ಆಮೇಲೆ ವಿಷಯ ಕ್ಷೌರದಂಗಡಿ ಸೇರಿತು. ಕೂದಲು ಕತ್ತರಿಸಿಕೊಳ್ಳುತ್ತ ವೆಂಡಲ್ ತನ್ನ ತಪ್ಪನ್ನು ಧಾರಾಳವಾಗಿ ಒಪ್ಪಿಕೊಂಡಿದ್ದ. ಏನು ತಪ್ಪು ಎಂದು ಯಾರೋ ಕೇಳಿದರು. ಕೋಲು ಹಿಡಿದಿದ್ದೆ ಎಂದ, ಸರಪಳಿ ಎಳೆದಿದ್ದೆ ಎಂದ. ಬೇಸಿಗೆಯಲ್ಲಿ ಸರಪಳಿಯ ಒಂದು ಕೊಂಡಿ ತುಂಡಾಗಿ, ನಮ್ಮ ತೂಗುಬೆಂಚಿನ ಕೊಂಡಿಯೊಂದನ್ನು ಬಿಚ್ಚಿ ಅದಕ್ಕೆ ಹಾಕಿದ್ದೆ ಎಂಬುದನ್ನೂ ಹೇಳಿದ. ಬೆಂಚು ಅಂದಿನಿಂದಲೇ ಓರೆ.

ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕತ್ತರಿ ನಿಂತಿತು.

ಸಂಜೆಯೊಳಗೆ ಆ ಕೊಂಡಿ ಅಂಗೈಯಷ್ಟು ಉದ್ದವಾಯಿತು. ಶುಕ್ರವಾರದ ಹೊತ್ತಿಗೆ ಮೊಳದಷ್ಟಾಯಿತು. ಪ್ರತಿ ಸಲವೂ ನಮ್ಮ ಹುಡುಗರು ಎಲ್ಲರಿಗಿಂತ ಮೊಳದಷ್ಟು ಹೆಚ್ಚು ದೂರ ಓಡಬೇಕಾಗಿತ್ತು, ಸೋಲದೆ ಇನ್ನೇನಾಗುತ್ತದೆ ಎಂದು ಊರು ಲೆಕ್ಕ ಹಾಕಿತು. ಎದುರಿನವರೂ ಅದೇ ಸರಪಳಿಯಲ್ಲೇ ಅಳೆಸಿಕೊಂಡಿದ್ದರು ಎಂದು ಗಣಿತದ ಮೇಡಂ ಒಬ್ಬರು ನೆನಪಿಸಿದರಂತೆ. ಅವರು ಬೇರೆ ಊರಿನಿಂದ ಬಂದವರು ಎಂದು ಬಿಟ್ಟುಬಿಟ್ಟರು. ಹೊರಗಿನ ಊರುಗಳಲ್ಲಿ ಬೇರೆ ಸರಪಳಿಯಿದ್ದರೂ ಸೋತೆವಲ್ಲ ಎಂಬ ಪ್ರಶ್ನೆಗೆ, ಇಲ್ಲಿ ಅಭ್ಯಾಸ ಕೆಟ್ಟಿತ್ತು ಎಂಬ ಉತ್ತರ ಸಿದ್ಧವಾಗಿತ್ತು.

ಡಾಕ್ಟರ್ ವಿಟ್‌ಕಂ ಈ ಸುದ್ದಿಯನ್ನು ಎರಡು ಕೈಯಲ್ಲಿ ಬಾಚಿಕೊಂಡರು. ಮೇಲಿನ ಕಾನ್ಫರೆನ್ಸಿಗೆ ಸೇರಿಸಿದ್ದು ಅವರು, ಕೋಚ್‌ನನ್ನು ಕರೆತಂದದ್ದೂ ಅವರು. ತಪ್ಪು ಸರಪಳಿಯದಾದರೆ ಇಬ್ಬರೂ ಪಾರು. ಟ್ರಸ್ಟಿಗಳ ಮುಂದೆ ಇದನ್ನೇ ಇಡುತ್ತೇನೆ, ಕೋಚ್ ಯೋಚನೆ ಮಾಡುವುದು ಬೇಡ ಎಂದು ಅವರು ಫೋನ್ ಮಾಡಿ ಹೇಳಿದರಂತೆ. ನೋಲಾ ಓಡಿಬಂದು ನನ್ನ ಅಡುಗೆಮನೆಯ ಹೊಸ ಕುರ್ಚಿಯಲ್ಲಿ ಕೂತಳು. ಪಾತಿಗೆ ಚಳಿಗಾಲದ ಹುಲ್ಲು ಹೊದಿಸಬೇಕು, ನಿಮ್ಮಲ್ಲಿ ಒಣಹುಲ್ಲು ಇದೆಯೇ ಎಂದಷ್ಟೇ ಕೇಳಿದಳು. ಬಿಟ್ಟುಹೋಗುವ ಪಾತಿಗೆ ಯಾರೂ ಹುಲ್ಲು ಹೊದಿಸುವುದಿಲ್ಲ. ಅವಳು ಬಂದ ಮೇಲೆ ಅದನ್ನು ಕೇಳಿದ್ದು ಇದೇ ಮೊದಲು.

ಎಲ್ಲರೂ ಸುಖವಾಗಿದ್ದರು, ವೆಂಡಲ್ ಒಬ್ಬನನ್ನು ಬಿಟ್ಟು.

"ತಪ್ಪು ನಂದು," ಅಂದ ಅವನು ಊಟದ ತಟ್ಟೆ ದೂಡಿ. "ಸರಪಳೀದಲ್ಲ. ಸರಪಳಿ ಸರಿಯಾಗೇ ಇದೆ."

"ಎರಡಕ್ಕೂ ಏನು ವ್ಯತ್ಯಾಸ?"

"ನನ್ನ ಬೈದ್ರೆ ಬೈಲಿ, ಆರ್ಡಿಸ್. ನಾನು ಮನುಷ್ಯ. ನನ್ನ ರಿಪೇರಿ ಬಗ್ಗೆ ಮಾತಾಡಬಾರದು."

ಮಾರನೆಯ ದಿನವೇ ಕೋಟು ಹಾಕಿಕೊಂಡು ಕಾಲೇಜಿಗೆ ಹೋಗಿ, ಕೊನೆಯ ಪಂದ್ಯದ ನಡುವಿನ ಬಿಡುವಿನಲ್ಲಿ ಎಲ್ಲರೆದುರು ಸರಪಳಿಯನ್ನು ಅಳೆಯಬೇಕೆಂದು ಕೇಳಿದ. ಡಾಕ್ಟರ್ ವಿಟ್‌ಕಂ ಬೇಡವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಟಿಕೆಟ್ ಮಾರುವ ಹೆಂಗಸು ಒಳಗೆ ಬಂದು, ಸರಪಳಿ ಅಳೆಯುತ್ತಾರಂತೆ ಹೌದೇ ಎಂದು ಊರೆಲ್ಲ ಫೋನ್ ಮಾಡುತ್ತಿದೆ ಎಂದಳು. ಆ ವರ್ಷ ಪಂದ್ಯ ನೋಡಲು ಬಂದವರಿಗಿಂತ ಬ್ಯಾಂಡು ಬಾರಿಸುವವರೇ ಹೆಚ್ಚಿದ್ದರು. ಡಾಕ್ಟರ್ ವಿಟ್‌ಕಂ ಆ ತೆರೆದ ಬಾಯಿಯಿಂದಲೇ ಒಪ್ಪಿಗೆ ಕೊಟ್ಟರು.

ಪಂದ್ಯದ ಹಿಂದಿನ ಮಧ್ಯಾಹ್ನ ವೆಂಡಲ್ ಯಾರದೋ ಕುಲುಮೆ ನೋಡಲು ಹೋಗಿದ್ದ. ನಾನು ಗ್ಯಾರೇಜಿಗೆ ಹೋದೆ. ಸರಪಳಿ ಎಣ್ಣೆ ಹಚ್ಚಿಸಿಕೊಂಡು ಹಳೆಯ ದಿಂಬಿನ ಚೀಲದಲ್ಲಿ ಮಲಗಿತ್ತು. ಅದನ್ನು ಕಾರು ನಿಲ್ಲಿಸುವ ಹಾದಿಯ ಮೇಲೆ ಹರಡಿ, ಬಟ್ಟೆ ಹೊಲಿಯುವ ಟೇಪಿನಿಂದ ಅಳೆದೆ. ಹತ್ತು ಗಜ. ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅವನ ಮೇಲೆ ಅಷ್ಟು ಪ್ರೀತಿ, ಅಷ್ಟು ಸಿಟ್ಟು ಒಟ್ಟಿಗೆ ಬಂದದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅಂದೇ.

ಅವನ ಪೆಟ್ಟಿಗೆಯಿಂದ ಇಕ್ಕಳ ತೆಗೆದುಕೊಂಡೆ. ಒಂದು ಕೊಂಡಿ ಸೇರಿಸಿದರೆ ಸಾಕಿತ್ತು, ತೂಗುಬೆಂಚಿನಲ್ಲಿ ಇನ್ನೂ ಬೇಕಾದಷ್ಟಿದ್ದವು. ಮಂಡಿಯೂರಿ ಕೂರುವಷ್ಟರಲ್ಲಿ ಹಾದಿಯ ಮೇಲೆ ನೆರಳು ಬಿತ್ತು. ನೋಲಾ ನಿಂತಿದ್ದಳು. ಅವಳ ಏಪ್ರನ್ನಿನ ಜೇಬಿನಿಂದ ಇಕ್ಕಳದ ಹಿಡಿ ಇಣುಕುತ್ತಿತ್ತು.



"ಒಣಹುಲ್ಲು ಕೇಳೋಣ ಅಂತ ಬಂದೆ," ಅಂದಳು.

"ಇಕ್ಕಳ ಹಿಡ್ಕೊಂಡಾ?" ಅಂದೆ ನಾನು.

ಅವಳು ನನ್ನ ಕೈಯನ್ನು ನೋಡಿದಳು, ನಾನು ಅವಳ ಜೇಬನ್ನು ನೋಡಿದೆ. ಆಮೇಲೆ ನಕ್ಕದ್ದು ಎಷ್ಟೆಂದರೆ ಬೀದಿಯಾಚೆಯ ನಾಯಿ ಬೊಗಳತೊಡಗಿತು. ನಕ್ಕು ಮುಗಿದ ಮೇಲೆ ಇಬ್ಬರೂ ಸೇರಿ ಪ್ರಾಮಾಣಿಕವಾಗಿ ಪ್ರಯತ್ನಿಸಿದೆವು. ಅವಳು ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ ತಿರುಚಿದೆ. ವೆಂಡಲ್ ಮುಚ್ಚಿದ ಕೊಂಡಿ ತೆರೆದುಕೊಳ್ಳಲಿಲ್ಲ. ಅವಳ ಇಕ್ಕಳದ ಮೂತಿ ಮುರಿಯಿತು, ನನ್ನ ಉಗುರು ಮುರಿಯಿತು. ಸರಪಳಿಯನ್ನು ಒರೆಸಿ ಮತ್ತೆ ದಿಂಬಿನ ಚೀಲಕ್ಕೆ ತುಂಬಿದೆವು. ನೋಲಾ ಒಣಹುಲ್ಲು ತೆಗೆದುಕೊಂಡು ಹೋಗಲಿಲ್ಲ.

ಕೊನೆಯ ಪಂದ್ಯಕ್ಕೆ ಊರಿಗೆ ಊರೇ ಬಂದಿತ್ತು. ಕಾಲ ಮೇಲೆ ಕಂಬಳಿ ಹೊದ್ದು, ಥರ್ಮಾಸ್ ಹಿಡಿದು, ಬರ್ನೀಸಳ ಅಳಿಯಂದಿರು ಕೂಡ ಬಂದಿದ್ದರು. ಮೊದಲರ್ಧದಲ್ಲಿ ಗೂಳಿಗಳು ನಮ್ಮ ಕೊಕ್ಕರೆಗಳ ಮೇಲೆ ಹೇಗೆ ಓಡಾಡಿದವೆಂದು ಯಾರೂ ಗಮನಿಸಲಿಲ್ಲ. ಎಲ್ಲರೂ ಬಿಡುವಿಗೆ ಕಾಯುತ್ತಿದ್ದರು.

ಬಿಡುವಿನಲ್ಲಿ ಬ್ಯಾಂಡು ಬದಿಗೆ ಸರಿಯಿತು. ಜಿಲ್ಲೆಯ ಭೂಮಾಪಕರು ಉಕ್ಕಿನ ಪಟ್ಟಿ ಹಿಡಿದು ಬಂದರು. ಮದುವೆ ಬಟ್ಟೆಯಂತೆ ಇಸ್ತ್ರಿ ಮಾಡಿದ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ವೆಂಡಲ್ ಸರಪಳಿ ಎಳೆದು ನಿಂತ. ಭೂಮಾಪಕರು ಮಂಡಿಯೂರಿದರು, ಕನ್ನಡಕ ಒರೆಸಿಕೊಂಡರು, ಇನ್ನೊಮ್ಮೆ ಅಳೆದರು. ಆಮೇಲೆ ಮೈಕಿನಲ್ಲಿ, ಹತ್ತು ಗಜ ಸರಿಯಾಗಿದೆ ಎಂದರು.

ಇಡೀ ಮೈದಾನ ಒಂದೇ ದನಿಯಲ್ಲಿ ನರಳಿತು. ವೆಂಡಲ್ ಎರಡೂ ಕೈ ಮೇಲೆತ್ತಿದ. ಆ ವರ್ಷ ಆ ಮೈದಾನದಲ್ಲಿ ಊರಿನವನೊಬ್ಬ ಗೆದ್ದು ಕೈ ಎತ್ತಿದ್ದು ಅದೊಂದೇ ಸಲ. ನನ್ನ ಪಕ್ಕದಲ್ಲಿ ನೋಲಾ ತನ್ನ ಕೈಗವಸುಗಳನ್ನು ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿ ಮಡಿಲ ಮೇಲೆ ಜೋಡಿಸಿಟ್ಟಳು. ಅವಳು ಮನಸ್ಸಿನಲ್ಲೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಪಂದ್ಯ ಸೋತೆವು ಎಂದು ಬೇರೆ ಹೇಳಬೇಕಿಲ್ಲ.

ಸೋಮವಾರ ಚರ್ಚಿನ ನೆಲಮಾಳಿಗೆಯಲ್ಲಿ ಟ್ರಸ್ಟಿಗಳು ಸೇರಿದರು. ಕಾಫಿ ಬಡಿಸುವ ಸರದಿ ನನ್ನದಾಗಿತ್ತು, ಅಥವಾ ಆಗುವಂತೆ ನೋಡಿಕೊಂಡಿದ್ದೆ. ಒಂದು ಬದಿಯಲ್ಲಿ ಕೋಚ್ ಹ್ಯಾಟು ತಿರುಗಿಸುತ್ತ ಕೂತಿದ್ದ. ವಿದ್ಯಾರ್ಥಿಗಳ ಪರವಾಗಿ ಇಬ್ಬರು ಹುಡುಗರು ಬಂದಿದ್ದರು. ಟ್ರಸ್ಟಿಗಳಲ್ಲಿ ಹಿರಿಯರಾದ ಎಲ್ವಿರಾ ಸ್ಟಾಮ್ ಮೇಡಂ ಕಾಲುಚೀಲ ಹೆಣೆಯುತ್ತಿದ್ದರು. ಅವರು ಹೆಣಿಗೆ ನಿಲ್ಲಿಸಿದರೆ ಯಾರದೋ ಕೆಲಸ ಹೋಯಿತು ಎಂದು ಕಾಲೇಜಿನಲ್ಲಿ ಪ್ರತೀತಿ.

ಸರಪಳಿಗೆ ಆದ ಅವಮಾನಕ್ಕಾಗಿ ವೆಂಡಲ್‌ನ ಕ್ಷಮೆ ಕೇಳಲು ಅವನನ್ನೂ ಕರೆಸಿದ್ದರು. ಕ್ಷಮೆ ಕೇಳಿದ್ದಾಯಿತು. ಡಾಕ್ಟರ್ ವಿಟ್‌ಕಂ ಗಂಟಲು ಸರಿಪಡಿಸಿಕೊಂಡು, ಸರಪಳಿಯಲ್ಲಿ ದೋಷವಿಲ್ಲವೆಂದಾದ ಮೇಲೆ, ಬಹಳ ನೋವಿನಿಂದ, ಕೋಚ್ ಕಡೆಗೆ ನೋಡಬೇಕಾಗಿದೆ ಎಂದರು. ಕಾನ್ಫರೆನ್ಸಿನ ಕಡೆಗೆ ನೋಡುವ ಮಾತು ಅವರು ಆಡಲಿಲ್ಲ. ಸ್ಟಾಮ್ ಮೇಡಂ ಹೆಣಿಗೆ ನಿಲ್ಲಿಸಿದರು.

"ಹಾಗಾದ್ರೆ ತಪ್ಪು ಯಾರದು?" ಎಂದು ಕೇಳಿದರು.

ಯಾರನ್ನೂ ಕೇಳಿದ್ದಲ್ಲ. ಆದರೆ ಬಾಗಿಲಲ್ಲಿದ್ದ ವೆಂಡಲ್ ತಿರುಗಿ ಬಂದ.

"ನಾನು ಮೊದಲಿಂದ ಹೇಳ್ತಾನೇ ಇದೀನಿ ಮೇಡಂ. ತಪ್ಪು ನಂದು. ಯಾರೂ ಕೇಳಿಸ್ಕೊಳ್ತಿಲ್ಲ."

"ನೀನು ಕೋಲು ಹಿಡಿಯೋನಪ್ಪ. ನಿಂದೇನು ತಪ್ಪು?"

"ಅದು ನಂಗೊತ್ತಿಲ್ಲ. ಆದ್ರೆ ಬೋರ್ಡು ಯಾರ ಅಂಗಳದಲ್ಲಿದೆ? ಕೋಚ್ ತಪ್ಪು ಅಂತಿದ್ರೆ ಊರು ಅವರ ಅಂಗಳದಲ್ಲಿ ನೆಡ್ತಿರಲಿಲ್ವ? ಈ ಊರಲ್ಲಿ ಸೋತ ಕೋಚ್‌ಗೆ ಬೋರ್ಡು ತಪ್ಪಿದ್ದುಂಟಾ?"

ಟ್ರಸ್ಟಿಗಳು ನೆನಪು ಮಾಡಿಕೊಂಡರು. ಈ ಹಿಂದಿನ ಕೋಚ್‌ಗೆ ಬಿದ್ದಿತ್ತು. ಅದಕ್ಕೂ ಹಿಂದಿನವನು ಒಂದು ಬಿಟ್ಟು ಎಲ್ಲ ಪಂದ್ಯ ಗೆದ್ದಿದ್ದರೂ ಅವನಿಗೆ ಮೂರು ಬಿದ್ದಿದ್ದವು. ಸ್ಟಾಮ್ ಮೇಡಂ ಕನ್ನಡಕದ ಮೇಲಿನಿಂದ ಕೋಚ್‌ನನ್ನು ನೋಡಿ, ನಿನಗೆ ಒಂದೂ 'ಮಾರಾಟಕ್ಕಿದೆ' ಬರಲಿಲ್ಲವೇ ಎಂದು ಕೇಳಿದರು.

"ಇಲ್ಲ ಮೇಡಂ," ಅಂದ ಪುಲಾಸ್ಕಿ. ಆ ನೋವು ಅವನ ಮುಖದ ಮೇಲೆ ಎಷ್ಟು ನಿಜವಾಗಿತ್ತೆಂದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಇಬ್ಬರು ಹುಡುಗರು ತಮ್ಮ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಿದ್ದರು. ನಾನು ಅವರಿಬ್ಬರ ಬಟ್ಟಲಿಗೂ ಕಾಫಿ ತುಂಬಿದೆ. ತುಂಬುವಾಗ ಅವರ ಕಣ್ಣನ್ನು ನೋಡಿದೆ. ಮುಂದೆ ಅವರು ಬಾಯಿ ಬಿಡಲಿಲ್ಲ.

"ಊರಿಗೇ ಇಲ್ಲದ ದೂರು ನಮಗ್ಯಾಕೆ," ಎಂದು ಸ್ಟಾಮ್ ಮೇಡಂ ಹೆಣಿಗೆ ಮುಂದುವರಿಸಿದರು.

ಕೋಚ್ ಉಳಿದ. ಒಟ್ಟು ಸೋಲಿನ ಹೊಣೆ ವೆಂಡಲ್‌ನದೆಂದು ತೀರ್ಮಾನವಾಯಿತು, ನವೆಂಬರಿನ ಚಳಿಯಲ್ಲಿ ಕೋಲು ಹಿಡಿಯಲು ಬೇರೆ ಯಾರೂ ಮುಂದೆ ಬಾರದ್ದರಿಂದ ಅವನನ್ನೂ ಮನ್ನಿಸಲಾಯಿತು. ಮನ್ನಿಸಿದ್ದರಿಂದ ಅವನಿಗೆ ಸ್ವಲ್ಪ ನಿರಾಸೆಯಾಯಿತು. ಬರ್ನೀಸ್ ಅಲಮಾರಿಯನ್ನು ಇವತ್ತಿಗೂ ಹಿಂದಿರುಗಿಸಿಲ್ಲ.

ಮೇ ತಿಂಗಳಲ್ಲಿ ನೋಲಾ ಮೊದಲ ಕೊಯ್ಲಿನ ಆಸ್ಪರಾಗಸನ್ನು ಕೆಂಪು ದಾರದಲ್ಲಿ ಕಟ್ಟಿ ತಂದಳು. ಬೆಣ್ಣೆಯಲ್ಲಿ ಬಾಡಿಸಿ ನಾಲ್ವರೂ ನಮ್ಮ ಓರೆ ಬೆಂಚಿನ ಸುತ್ತ ಕೂತು ತಿಂದೆವು. ನೋಲಾ ಮೊದಲ ತುಂಡನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಹೇಗಿದೆ ಎಂದು ಕೋಚ್ ಕೇಳಿದ. ಸ್ವಲ್ಪ ನಾರು ಎಂದಳು. ಆಮೇಲೆ ತಟ್ಟೆಯಲ್ಲಿದ್ದುದನ್ನೆಲ್ಲ ಯಾರನ್ನೂ ಕೇಳದೆ ತಾನೊಬ್ಬಳೇ ತಿಂದಳು.

ಸೆಪ್ಟೆಂಬರಿನಲ್ಲಿ ಮತ್ತೆ ಸೀಸನ್ ಶುರುವಾಯಿತು. ಮೊದಲ ಪಂದ್ಯದಲ್ಲಿ ಕರಡಿಗಳು ನಮ್ಮನ್ನು ಬಹಳ ಗೌರವದಿಂದ ಸೋಲಿಸಿದವು. ಮರುದಿನ ಇನ್ನೂ ಮಬ್ಬಿರುವಾಗಲೇ ನನಗೆ ಎಚ್ಚರವಾಯಿತು. ಅಡುಗೆಮನೆಯ ಕುರ್ಚಿಯಲ್ಲಿ ಕೂತು ನೋಡಿದರೆ, ಈ ಸಲ ಹುಡುಗರು ಮನೆ ತಪ್ಪಿರಲಿಲ್ಲ. ಬೋರ್ಡು ಕೋಚ್‌ನ ಅಂಗಳದಲ್ಲೇ ನಿಂತಿತ್ತು.

ರಾತ್ರಿಯ ಉಡುಪಿನ ಮೇಲೆ ವೆಂಡಲ್‌ನ ಕೋಟು ಎಳೆದುಕೊಂಡು, ಬರಿಗಾಲಲ್ಲಿ ಬೇಲಿ ದಾಟಿದೆ. ಬೋರ್ಡಿನ ಹತ್ತಿರ ಹೋದರೆ ನೋಲಾ ಆಗಲೇ ಅದರ ಒಂದು ಕಾಲನ್ನು ಕಿತ್ತು, ಇನ್ನೊಂದರ ಮೇಲೆ ಗುದ್ದಾಡುತ್ತಿದ್ದಳು. ಒಂದೊಂದು ಕಡೆ ಹಿಡಿದು, ಇಬ್ಬನಿಯಲ್ಲಿ ಜಾರುತ್ತ, ನಗು ತಡೆದುಕೊಂಡು ಅದನ್ನು ನಮ್ಮ ಅಂಗಳಕ್ಕೆ ಹೊತ್ತು ತಂದು ನೆಟ್ಟೆವು. ಅವಳು ಅವಳ ಹಸಿರು ಬಾಗಿಲೊಳಗೆ ಹೋದಳು, ನಾನು ನನ್ನ ಹಸಿರು ಬಾಗಿಲೊಳಗೆ ಬಂದೆ.

ಚರ್ಚಿಗೆ ಹೊರಡುವಾಗ ವೆಂಡಲ್ ಬಾಗಿಲು ತೆಗೆದ. ನೋಡಿದ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನ ಮರೆತಿಲ್ಲ ನೋಡು ಆರ್ಡಿಸ್," ಅಂದ.

ಆಮೇಲೆ ಅಂಗಳಕ್ಕಿಳಿದು, ನಾವು ಓರೆಯಾಗಿ ನೆಟ್ಟಿದ್ದನ್ನು ನೆಟ್ಟಗೆ ಮಾಡಿದ.